ಶಾಸ್ತಾ ಜಲಾಶಯದ ತಣ್ಣೀರು ಅಕ್ಟೋಬರ್‌ವರೆಗೆ ಸಾಲಬೇಕಾದರೆ: ತಾಪಮಾನದ ಮಾದರಿ ಕಟ್ಟುವ ಬಗೆ

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಗೆ ಅಡ್ಡಲಾಗಿ ಕಟ್ಟಿದ ಶಾಸ್ತಾ ಅಣೆಕಟ್ಟು 1945ರಲ್ಲಿ ಪೂರ್ಣಗೊಂಡಿತು. ಚಳಿಗಾಲದಲ್ಲಿ ಸಮುದ್ರದಿಂದ ನದಿಗೆ ಬರುವ ಚಿನೂಕ್ ಸಾಲ್ಮನ್ ಮೀನುಗಳಿಗೆ ಬೆಟ್ಟದ ತಣ್ಣನೆಯ ತೊರೆಗಳ ದಾರಿ ಅಲ್ಲಿಗೆ ಮುಚ್ಚಿಹೋಯಿತು. ಈಗ ಅವು ಕೆಳಗಿನ ಕೆಸ್ವಿಕ್ ಅಣೆಕಟ್ಟೆಯ ಬಳಿ, ಬಿರುಬಿಸಿಲಿನ ಕಣಿವೆಯಲ್ಲಿ ಮೊಟ್ಟೆಯಿಡುತ್ತವೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಆ ಮೊಟ್ಟೆಗಳು ಬದುಕಬೇಕಾದರೆ ಜಲಾಶಯದ ಆಳದ ತಣ್ಣೀರೇ ಗತಿ. ಶಾಸ್ತಾದ ಸಾಮರ್ಥ್ಯ ಸುಮಾರು 198 ಟಿಎಂಸಿ, ಅಂದರೆ ನಮ್ಮ ಕೆಆರ್‌ಎಸ್‌ನ ನಾಲ್ಕು ಪಟ್ಟು. ಆದರೆ ಲೆಕ್ಕಕ್ಕೆ ಬರುವುದು ಒಟ್ಟು ನೀರಲ್ಲ, ಅದರಲ್ಲಿ ತಣ್ಣಗಿರುವ ಭಾಗ. ಅದು ಎಷ್ಟು ದಿನ ಸಾಲುತ್ತದೆ ಎಂದು ಮೊದಲೇ ಅಂದಾಜಿಸಲು ಕಂಪ್ಯೂಟರ್ ಮಾದರಿ ಕಟ್ಟಬೇಕು.

ಮೊದಲು ಗುರಿ ನಿಗದಿಯಾಗಲಿ. ಮೊಟ್ಟೆಗಳಿರುವ ನದಿನೀರಿಗೆ ಹಳೆಯ ನಿಯಮದ ಮಿತಿ 56 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 13.3 ಸೆಲ್ಸಿಯಸ್. ಅದನ್ನೇ ನಂಬಿ ಕೂರಬೇಡಿ. ನೀರು ಬೆಚ್ಚಗಾದಷ್ಟೂ ಮೊಟ್ಟೆಗೆ ಆಮ್ಲಜನಕ ಹೆಚ್ಚು ಬೇಕು. ನದಿತಳದ ಕಲ್ಲುಗಳ ಸಂದಿಯಲ್ಲಿ ನೀರು ನಿಧಾನವಾಗಿ ಹರಿಯುವುದರಿಂದ, ಪ್ರಯೋಗಾಲಯದಲ್ಲಿ ಬದುಕುವ ಮೊಟ್ಟೆ ಅದೇ ತಾಪಮಾನದಲ್ಲಿ ನದಿಯೊಳಗೆ ಸಾಯಬಹುದು. 12 ಡಿಗ್ರಿಯನ್ನು ಎಚ್ಚರಿಕೆಯ ಗೆರೆಯಾಗಿ ಇಟ್ಟುಕೊಳ್ಳಿ.

ಉದ್ದನೆಯ, ಆಳವಾದ ಇಂಥ ಜಲಾಶಯಕ್ಕೆ ಸಿಇ-ಕ್ವಾಲ್-ಡಬ್ಲ್ಯು2 ಎಂಬ ಕಂಪ್ಯೂಟರ್ ಮಾದರಿ ಹೊಂದುತ್ತದೆ. ಅದು ಉದ್ದ ಮತ್ತು ಆಳವನ್ನು ಲೆಕ್ಕಿಸಿ, ಅಗಲದುದ್ದಕ್ಕೂ ಸರಾಸರಿ ಹಿಡಿಯುತ್ತದೆ. ಪದರಗಳ ದಪ್ಪ ಸುಮಾರು 1 ಮೀಟರ್ ಇರಲಿ. ಇನ್ನೂ ದಪ್ಪವಾದರೆ ಬಿಸಿ ಮತ್ತು ತಣ್ಣನೆಯ ನೀರಿನ ಗಡಿ ಲೆಕ್ಕದಲ್ಲೇ ಕಲಸಿಹೋಗುತ್ತದೆ. ಹವಾಮಾನದ ದತ್ತಾಂಶ ಗಂಟೆಗೊಂದರಂತೆ ಬೇಕು: ಗಾಳಿಯ ಉಷ್ಣಾಂಶ, ಇಬ್ಬನಿ ಬಿಂದು (ಗಾಳಿಯ ತೇವ ಇಬ್ಬನಿಯಾಗತೊಡಗುವ ಉಷ್ಣಾಂಶ), ಗಾಳಿಯ ವೇಗ ಮತ್ತು ದಿಕ್ಕು, ಸೌರ ವಿಕಿರಣ. ಒಳಹರಿವಿನ ಪ್ರಮಾಣದ ಜೊತೆಗೆ ಅದರ ತಾಪಮಾನವೂ ಬೇಕು.

ಮಾದರಿಯ ಲೆಕ್ಕವನ್ನು ನಿಜವಾದ ಅಳತೆಗಳಿಗೆ ಹೊಂದಿಸುವಾಗ ಮೊದಲು ನೀರಿನ ಮಟ್ಟ ಸರಿಹೋಗಲಿ, ತಾಪಮಾನ ಆಮೇಲೆ. ಹೆಚ್ಚಿನವರು ಎಡವುವುದು ಇದರ ನಂತರ. ಬಿಸಿ ಪದರ ಎಷ್ಟು ಆಳಕ್ಕೆ ಇಳಿಯುತ್ತದೆ ಎನ್ನುವುದನ್ನು ಬಹುಮಟ್ಟಿಗೆ ಗಾಳಿಯ ತಡೆಯ ಗುಣಾಂಕ (ಸುತ್ತಲ ನೆಲ ಗಾಳಿಯನ್ನು ಎಷ್ಟು ತಡೆಯುತ್ತದೆ ಎನ್ನುವ ಸಂಖ್ಯೆ) ಹೇಳುತ್ತದೆ. ಮೇಲ್ಪದರ ಎಷ್ಟು ಕಾಯುತ್ತದೆ ಎನ್ನುವುದನ್ನು ನೀರಿನೊಳಗೆ ಬೆಳಕು ಕುಂದುವ ಗುಣಾಂಕ. ತಳದ ತಣ್ಣೀರಿನ ಪ್ರಮಾಣವೋ ಚಳಿಗಾಲ ಮತ್ತು ವಸಂತದ ಒಳಹರಿವಿನಿಂದ ಬರುವಂಥದ್ದು. ತಳದಲ್ಲಿ ವ್ಯತ್ಯಾಸ ಕಂಡಾಗ ಗಾಳಿಯ ಗುಣಾಂಕ ತಿರುಚಿ ಸರಿಪಡಿಸಿದರೆ ಈ ವರ್ಷದ ಗ್ರಾಫ್ ಚೆನ್ನಾಗಿ ಕಾಣುತ್ತದೆ, ಮುಂದಿನ ವರ್ಷ ಕೈಕೊಡುತ್ತದೆ. ಸರಾಸರಿ ತಪ್ಪು 1 ಡಿಗ್ರಿಯೊಳಗೆ ಬಂದರೆ ಸಾಲದು, ಅರ್ಧ ಡಿಗ್ರಿಯತ್ತ ತನ್ನಿ.

ಏಪ್ರಿಲ್‌ನಿಂದ ಹದಿನೈದು ದಿನಕ್ಕೊಮ್ಮೆಯಾದರೂ ಅಣೆಕಟ್ಟಿನ ಬಳಿ ಮೇಲಿಂದ ತಳದವರೆಗೆ ತಾಪಮಾನ ಅಳೆಯಿರಿ. ಪ್ರತಿ ಸಲವೂ ಉಪಕರಣವನ್ನು ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿಟ್ಟು ಸೊನ್ನೆ ತೋರಿಸುತ್ತದೆಯೇ ಎಂದು ನೋಡಿ. 2015ರ ವಸಂತದಲ್ಲಿ ಶಾಸ್ತಾದ ಅಳತೆಗಳೇ ತಪ್ಪಾಗಿದ್ದವು. ನೀರು ಅಂದುಕೊಂಡಿದ್ದಕ್ಕಿಂತ ಬೆಚ್ಚಗಿದೆ ಎಂದು ಗೊತ್ತಾದ ಮೇಲೆ ಇಡೀ ಬೇಸಿಗೆಯ ಯೋಜನೆಯನ್ನು ಮತ್ತೆ ಮಾಡಬೇಕಾಯಿತು.

ಇನ್ನು ಗೇಟುಗಳು. ಅಣೆಕಟ್ಟಿನ ಮೈಗೆ 1997ರಲ್ಲಿ ಜೋಡಿಸಿದ ಉಕ್ಕಿನ ರಚನೆಯಿಂದ ಬೇರೆ ಬೇರೆ ಆಳದ ನೀರನ್ನು ಬೆರೆಸಿ ಟರ್ಬೈನಿಗೆ ಬಿಡಬಹುದು. ಬೆರಕೆಯ ಲೆಕ್ಕ ಸರಳ: ಮೇಲಿನ ನೀರು 15, ಆಳದ್ದು 9 ಡಿಗ್ರಿ ಇದ್ದು 11 ಬೇಕೆಂದರೆ, ಮೂರರಲ್ಲಿ ಎರಡು ಪಾಲು ಆಳದ್ದು. ಬೇಸಿಗೆಯ ಆರಂಭದಲ್ಲಿ ಆದಷ್ಟೂ ಮೇಲಿನ ಗೇಟುಗಳನ್ನು ಬಳಸಿ, ಕೆಳಗಿನವನ್ನು ಕೊನೆಗೆ ಉಳಿಸಿ. ಮುಚ್ಚಿದ ಗೇಟುಗಳ ಸಂದಿಯಿಂದಲೂ ನೀರು ನುಗ್ಗುತ್ತದೆ ಎನ್ನುವುದು ಮಾದರಿಯಲ್ಲಿ ಇರಲೇಬೇಕು. ಅದನ್ನು ಬಿಟ್ಟರೆ ತಣ್ಣೀರು ನಿಜಕ್ಕಿಂತ ಹೆಚ್ಚು ದಿನ ಬರುವಂತೆ ಕಾಣುತ್ತದೆ. ಗೇಟು ತೆರೆದ ದಾಖಲೆಯನ್ನು ಹೊರಹರಿವಿನ ಅಳತೆಯ ತಾಪಮಾನದ ಪಕ್ಕದಲ್ಲಿಟ್ಟು ಸೋರಿಕೆಯನ್ನು ಅಂದಾಜಿಸಿ.

ಕೆಸ್ವಿಕ್‌ನಲ್ಲಿ ಟ್ರಿನಿಟಿ ನದಿಯಿಂದ ತಿರುಗಿಸಿದ ನೀರೂ ಬಂದು ಸೇರುತ್ತದೆ, ಅದರ ತಾಪಮಾನ ಬೇರೆ. ಅಲ್ಲಿಂದ ಕೆಳಗೆ ಕ್ಲಿಯರ್ ಕ್ರೀಕ್ ತೊರೆ ಬಂದು ಸೇರುವವರೆಗಿನ ನದಿಗೆ ಉದ್ದವನ್ನಷ್ಟೇ ನೋಡುವ ಮಾದರಿ ಸಾಕು, ಆದರೆ ಗಂಟೆಯ ಲೆಕ್ಕದಲ್ಲಿ ನಡೆಸಿ.

ಮುಂದಿನ ಹವೆ ಯಾರಿಗೂ ಗೊತ್ತಿಲ್ಲ. ಈ ವರ್ಷದ ತಾಪಮಾನದ ಅಳತೆಯಿಂದ ಶುರುಮಾಡಿ, ಕಳೆದ ಇಪ್ಪತ್ತು ವರ್ಷಗಳ ಒಂದೊಂದು ಬೇಸಿಗೆಯ ಹವಾಮಾನವನ್ನೂ ಹಾಕಿ ಓಡಿಸಿ. ಪ್ರತಿ ಓಟದಲ್ಲಿ ನೋಡಬೇಕಾದದ್ದು ನೀರೆಲ್ಲ ತಳದ ಗೇಟುಗಳಿಂದಲೇ ಹೋಗಬೇಕಾಗುವ ದಿನ. ಅದು ಆಗಸ್ಟ್‌ಗೆ ಬಿದ್ದರೆ ಅಪಾಯ. 2014ರಲ್ಲಿ ಸೆಪ್ಟೆಂಬರ್ ಮೊದಲಲ್ಲೇ ತಣ್ಣೀರು ಮುಗಿಯಿತು. ಮರಿಯಾಗಿ ಉಳಿದದ್ದು ನೂರಕ್ಕೆ ಸುಮಾರು 5ರಷ್ಟು ಮೊಟ್ಟೆ ಮಾತ್ರ.

ಕೊರತೆ ಕಂಡರೆ ಮೇ ತಿಂಗಳಲ್ಲೇ ಹೊರಹರಿವು ಕಡಿಮೆ ಮಾಡಿ. ಹರಿವು ತೀರಾ ಇಳಿದರೆ ನದಿ ಬೇಗ ಕಾಯುತ್ತದೆ, ಹೆಚ್ಚಾದರೆ ಆಳದ ದಾಸ್ತಾನು ಕರಗುತ್ತದೆ. ಆದ್ದರಿಂದ ಎರಡು ಮೂರು ಹರಿವುಗಳಿಗೆ ಓಡಿಸಿ ಹೋಲಿಸಿ. ಮೀನು ಮೊಟ್ಟೆಯಿಟ್ಟ ಮೇಲೆ ನೀರನ್ನು ಒಮ್ಮೆಲೇ ಇಳಿಸಿದರೆ ದಡದಂಚಿನ ಮೊಟ್ಟೆಗೂಡುಗಳು ಒಣಗುತ್ತವೆ, ಹಾಗಾಗಿ ಕಡಿತವೆಲ್ಲ ಹೆಚ್ಚಿನ ಮೀನುಗಳು ಮೊಟ್ಟೆಯಿಡುವ ಮುಂಚೆಯೇ ಆಗಬೇಕು.