ಸಬ್‌ವೂಫರ್‌ನ ಹರಿದ ಸರೌಂಡ್ ಬದಲಿಸಿದ ನನ್ನ ಅನುಭವ

ಮಲ್ಪೆಯ ಕಡಲಿಗೆ ಹತ್ತಿರವಿರುವ ನಮ್ಮ ಮನೆಯ 10 ಇಂಚಿನ ಸಬ್‌ವೂಫರ್, ಅಂದರೆ ತಳದ ಸದ್ದಿಗೆಂದೇ ಇರುವ ಸ್ಪೀಕರ್, ಕಳೆದ ಮಳೆಗಾಲದ ಕೊನೆಗೆ ಗರಗರ ಸದ್ದು ಮಾಡತೊಡಗಿತು. ಮುಂಬದಿಯ ಬಟ್ಟೆಯ ಚೌಕಟ್ಟನ್ನು ತೆಗೆದು ನೋಡಿದಾಗ ಅಲುಗಿ ಸದ್ದು ಹೊರಡಿಸುವ ಕಾಗದದ ಕೋನ್ ಗಟ್ಟಿಮುಟ್ಟಾಗಿಯೇ ಇತ್ತು. ಅದನ್ನು ಸ್ಪೀಕರಿನ ಲೋಹದ ಚೌಕಟ್ಟಾದ ಬಾಸ್ಕೆಟ್‌ಗೆ ಜೋಡಿಸುವ ಉಬ್ಬಿದ ಫೋಮ್ ಪಟ್ಟಿ, ಅಂದರೆ ಸರೌಂಡ್, ಬೆರಳು ತಾಗಿದಲ್ಲೆಲ್ಲ ಜಿಗುಟು ಪುಡಿಯಾಗಿ ಉದುರುತ್ತಿತ್ತು. ಉಡುಪಿಯಲ್ಲಿ ವಿಚಾರಿಸಿದಾಗ, "ಇದರ ಹಿಂದೆ ಯಾಕೆ ಬೀಳ್ತೀರಿ ಮಾರಾಯ್ರೆ, ಹೊಸತೇ ತಗೊಳ್ಳಿ" ಎಂಬ ಸಲಹೆ ಸಿಕ್ಕಿತು. ಮ್ಯಾಗ್ನೆಟ್, ಅದರ ಸಂದಿಯಲ್ಲಿ ಚಲಿಸಿ ಕೋನನ್ನು ಅಲುಗಿಸುವ ತಂತಿಯ ಸುರುಳಿ (ಕಾಯಿಲ್), ಕೋನ್ ಮೂರೂ ಸರಿಯಿರುವಂತೆ ಕಂಡಾಗ ಅಂಚಿನ ಒಂದು ಪಟ್ಟಿಗಾಗಿ ಇಡೀ ಸ್ಪೀಕರನ್ನು ಎಸೆಯಲು ನನಗೆ ಮನಸ್ಸು ಬರಲಿಲ್ಲ.

ಇದು ಜೋರಾಗಿ ಹಾಕಿದ್ದರಿಂದ ಆದ ಹಾನಿಯಲ್ಲ. ಇಂತಹ ಸರೌಂಡ್‌ಗಳಲ್ಲಿ ಹೆಚ್ಚಾಗಿ ಬಳಸುವ ಪಾಲಿಯೆಸ್ಟರ್ ಬಗೆಯ ಪಾಲಿಯುರಿಥೇನ್ ಫೋಮ್ ಗಾಳಿಯಲ್ಲಿನ ತೇವದೊಂದಿಗೆ ನಿಧಾನವಾಗಿ ವರ್ತಿಸಿ, ಅದರೊಳಗಿನ ರಾಸಾಯನಿಕ ಬಂಧಗಳು ಒಂದೊಂದಾಗಿ ಕಳಚಿ, ಕೊನೆಗೆ ಪಟ್ಟಿಯು ತನ್ನ ಭಾರವನ್ನೇ ತಾಳಲಾರದ ಸ್ಥಿತಿಗೆ ಬರುತ್ತದೆ. ಒಣ ಹವೆಯ ಊರುಗಳಲ್ಲಿಯೂ ಇದರ ಆಯುಷ್ಯ ಸಾಮಾನ್ಯವಾಗಿ 10ರಿಂದ 15 ವರ್ಷ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ, ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳಲ್ಲಿ) ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ನಮ್ಮ ಕರಾವಳಿಯಲ್ಲಿ ಅಷ್ಟು ಬಾಳಿದರೆ ಅದೇ ಹೆಚ್ಚು. ಹೀಗೆ ಹಳಸಿದ ಫೋಮ್‌ಗೆ ತೇಪೆ ಹಾಕುವುದು ವ್ಯರ್ಥ. ಇಂದು ಅಂಟಿಸಿದ ಜಾಗದ ಪಕ್ಕದಲ್ಲೇ ನಾಳೆ ಹರಿಯುತ್ತದೆ. ಕೆಲವರು ರೆಕ್ಸಿನ್ ತುಂಡುಗಳನ್ನು ಸುತ್ತ ಅಂಟಿಸಿಕೊಡುತ್ತಾರೆ. ಅದು ಹರಿಯುವುದಿಲ್ಲ ನಿಜ, ಆದರೆ ಕೋನ್‌ನ ಚಲನೆಯನ್ನೇ ಬಿಗಿದುಬಿಡುವುದರಿಂದ ಸಬ್‌ವೂಫರ್ ಇರುವುದೇ ಯಾವುದಕ್ಕೋ ಆ ತಳದ ಸದ್ದು ಹೊರಡುವುದಿಲ್ಲ.

ಹೊಸ ಪಟ್ಟಿಯನ್ನು ತರಿಸುವ ಮೊದಲು ಕಾಯಿಲ್ ಜೀವಂತವಾಗಿದೆಯೇ ಎಂದು ನೋಡಬೇಕು. ಆಂಪ್ಲಿಫೈಯರ್‌ನ ತಂತಿಗಳನ್ನು, ಯಾವುದು ಪ್ಲಸ್ ಯಾವುದು ಮೈನಸ್ ಎಂದು ಗುರುತು ಹಾಕಿಕೊಂಡು, ಕಳಚಿ ಮಲ್ಟಿಮೀಟರ್ ಇಟ್ಟಾಗ 4 ಓಮ್ ಎಂದು ಬರೆದಿರುವ ಕಾಯಿಲ್ 3ರಿಂದ 3.7ರ ನಡುವೆ ಎಲ್ಲಾದರೂ ತೋರಿಸಿದರೆ ಚಿಂತೆಯಿಲ್ಲ. ನನ್ನದು 3.4 ತೋರಿಸಿತು. ಹರಿದ ಸರೌಂಡ್‌ನೊಂದಿಗೆ ಬಹಳ ಕಾಲ ಬಾರಿಸಿದ ಸ್ಪೀಕರ್‌ನಲ್ಲಿ ಕಾಯಿಲ್ ಓರೆಯಾಗಿ ಮ್ಯಾಗ್ನೆಟ್‌ನ ಸಂದಿಗೆ ಉಜ್ಜಿ ಸವೆದಿರುವುದುಂಟು. ಹಾಗಾಗಿದ್ದರೆ ಪಟ್ಟಿ ಬದಲಿಸಿ ಪ್ರಯೋಜನವಿಲ್ಲ.

ಪಟ್ಟಿಯನ್ನು ಆರಿಸುವಾಗ 10 ಇಂಚು ಎಂಬ ಮಾತನ್ನು ನಂಬಬಾರದು. ಅದು ಹೊರ ಚೌಕಟ್ಟಿನ ಸ್ಥೂಲ ಅಳತೆ ಮಾತ್ರ. ಒಳಗಿನ ಕೋನ್‌ನ ಅಗಲ ಒಂದೊಂದು ತಯಾರಿಕೆಯಲ್ಲಿ ಒಂದೊಂದು. ಕೋನ್‌ನ ಹೊರ ಅಂಚಿನ ವ್ಯಾಸ, ಉಬ್ಬಿನ ಅಗಲ, ಬಾಸ್ಕೆಟ್‌ನಲ್ಲಿ ಅಂಟು ಹಿಡಿಯುವ ಅಂಚಿನ ಒಳ ಮತ್ತು ಹೊರ ವ್ಯಾಸ, ಇಷ್ಟನ್ನೂ ಮಿಲಿಮೀಟರ್‌ನಲ್ಲಿ ಬರೆದುಕೊಂಡು ಆನ್‌ಲೈನ್‌ನಲ್ಲಿ ಹೊಂದುವ ಪಟ್ಟಿಯನ್ನು ತರಿಸಿದೆ. ರಬ್ಬರ್ ಪಟ್ಟಿಗಳೂ ಸಿಗುತ್ತವೆ, ತೇವಕ್ಕೆ ಅವೇ ಹೆಚ್ಚು ಬಾಳುತ್ತವೆ. ಆದರೆ ರಬ್ಬರ್ ಫೋಮ್‌ಗಿಂತ ಭಾರ. ಹಗುರವಾದ ಫೋಮ್‌ಗೆಂದೇ ಲೆಕ್ಕ ಹಾಕಿ ಮಾಡಿದ ಕೋನ್‌ಗೆ ಅದನ್ನು ಹಾಕಿದರೆ ಅನುರಣನದ ಆವರ್ತನ, ಅಂದರೆ ಕೋನ್ ತಾನಾಗಿಯೇ ಕಂಪಿಸುವ ವೇಗ, ಬದಲಾಗಿ ಪೆಟ್ಟಿಗೆಯೊಂದಿಗಿನ ಹೊಂದಾಣಿಕೆ ತಪ್ಪುತ್ತದೆ. ಆದ್ದರಿಂದ ಆಯುಷ್ಯ ಕಡಿಮೆಯೆಂದು ಗೊತ್ತಿದ್ದೂ ನಾನು ಫೋಮನ್ನೇ ಆರಿಸಿದೆ.

ಸ್ಪೀಕರನ್ನು ಪೆಟ್ಟಿಗೆಯಿಂದ ಬಿಚ್ಚುವಾಗ ಸ್ಕ್ರೂಡ್ರೈವರನ್ನು ಎರಡೂ ಕೈಗಳಿಂದ ಹಿಡಿಯುವುದು ಒಳ್ಳೆಯದು. ಮ್ಯಾಗ್ನೆಟ್ ಅದನ್ನು ಎಳೆದುಕೊಂಡರೆ ತುದಿ ನೇರವಾಗಿ ಕೋನನ್ನೇ ತೂರುತ್ತದೆ. ಹಳೆಯ ಫೋಮನ್ನು ಮೊಂಡ ಚಾಕುವಿನಿಂದ ಎಬ್ಬಿಸಿ, ಉಳಿದ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಸ್ವಲ್ಪಸ್ವಲ್ಪವಾಗಿ ಮೆತ್ತಗಾಗಿಸಿ ಹೆಬ್ಬೆರಳಿನಿಂದ ಉಜ್ಜಿ ತೆಗೆದೆ. ಪೇಂಟ್ ಅಂಗಡಿಯ ಥಿನ್ನರ್ ಬೇಗ ಕೆಲಸ ಮಾಡುತ್ತದೆ, ಆದರೆ ಅದು ಕಾಯಿಲ್‌ನ ಅಂಟಿನವರೆಗೆ ಹರಿದರೆ ಸ್ಪೀಕರಿನ ಕತೆ ಮುಗಿಯಿತು. ಹಳೆಯ ಪಟ್ಟಿ ಕೋನ್‌ನ ಮುಂಬದಿಗೆ ಅಂಟಿತ್ತೋ ಹಿಂಬದಿಗೋ ಎಂಬುದನ್ನು ಫೋಟೋ ತೆಗೆದಿಟ್ಟುಕೊಂಡೆ. ಹೊಸತನ್ನೂ ಅದೇ ಬದಿಗೆ ಹಾಕದಿದ್ದರೆ ಕೋನ್ ಕೂರುವ ಎತ್ತರ ಬದಲಾಗುತ್ತದೆ.

ಇಡೀ ಕೆಲಸದ ಜೀವಾಳವಿರುವುದು ಕಾಯಿಲನ್ನು ನಡುವಿಗೆ ತರುವುದರಲ್ಲಿ. ಕಾಯಿಲ್‌ಗೂ ಅದರ ಸುತ್ತಲಿನ ಲೋಹಕ್ಕೂ ನಡುವೆ ಇರುವ ಸಂದಿ ಮಿಲಿಮೀಟರಿನ ಒಂದು ಅಂಶ ಮಾತ್ರ. ಕಾಯಿಲನ್ನು ನೇರವಾಗಿ ಹಿಡಿದಿಡುವವು ಎರಡು: ಕೆಳಗೆ ಅಲೆಯಲೆಯಾದ ಬಟ್ಟೆಯ ಸ್ಪೈಡರ್, ಮೇಲೆ ಸರೌಂಡ್. ಸ್ಪೈಡರ್ ಸರಿಯಿದ್ದರೂ ಸರೌಂಡ್ ಒಂದು ಬದಿಗೆ ಎಳೆದು ಕೂತರೆ ಕಾಯಿಲ್ ಓರೆಯಾಗಿ ಉಜ್ಜುತ್ತದೆ. ಅದಕ್ಕಾಗಿ ಕೋನ್‌ನ ನಡುವೆ ಕಾಯಿಲನ್ನು ಮುಚ್ಚುವ ಡಸ್ಟ್ ಕ್ಯಾಪನ್ನು ಬ್ಲೇಡಿನಿಂದ ಕೊಯ್ದು ಬಿಡಿಸಿ, ಕಾಯಿಲ್‌ನ ಒಳಮೈಗೂ ನಡುವಿನ ಕಬ್ಬಿಣದ ಕಂಬಕ್ಕೂ ಮಧ್ಯೆ ಹಳೆಯ ಎಕ್ಸ್-ರೇ ಫಿಲ್ಮ್‌ನಿಂದ ಕತ್ತರಿಸಿದ ಸಣ್ಣ ಪಟ್ಟಿಗಳನ್ನು ನಾಲ್ಕು ದಿಕ್ಕಿನಲ್ಲಿ ಸಮನಾಗಿ ಇಳಿಸಿದೆ. ಒಂದು ಸಾಲದಾದಲ್ಲಿ ಎರಡು ಪದರ, ಆದರೆ ಎಲ್ಲ ದಿಕ್ಕಿನಲ್ಲೂ ಅಷ್ಟೇ. ಕೋನ್ ಅಲುಗದಂತೆ ಬಿಗಿಯಾದ ಮೇಲೆ ಕಾಯಿಲ್ ತಾನಾಗಿಯೇ ನಡುವಿನಲ್ಲಿರುತ್ತದೆ. ಕ್ಯಾಪ್ ಕೊಯ್ಯದೆ, ಅಂಟು ಹಸಿಯಿರುವಾಗಲೇ 30 ಹರ್ಟ್ಸ್‌ನ ಸಣ್ಣ ಸದ್ದು ಕೊಟ್ಟು, ಉಜ್ಜುವ ಶಬ್ದ ನಿಲ್ಲುವವರೆಗೆ ಪಟ್ಟಿಯನ್ನು ಸರಿಸುವ ವಿಧಾನವೂ ಇದೆ. ನುರಿತ ಕಿವಿಗೆ ಅದು ಸಾಕು. ನನಗೆ ಎಕ್ಸ್-ರೇ ಪಟ್ಟಿಯೇ ಹೆಚ್ಚು ಭರವಸೆ ಕೊಟ್ಟಿತು.

ಮೊದಲು ಒಳ ಅಂಚನ್ನು ಕೋನ್‌ಗೆ ಅಂಟಿಸಬೇಕು. ಕಾಗದಕ್ಕೂ ಫೋಮ್‌ಗೂ ಬಿಳಿ ಫೆವಿಕಾಲ್ ಚೆನ್ನಾಗಿ ಹಿಡಿಯುತ್ತದೆ, ನಿಧಾನವಾಗಿ ಒಣಗುವುದರಿಂದ ಸರಿಪಡಿಸಿಕೊಳ್ಳಲು ಸಮಯವೂ ಸಿಗುತ್ತದೆ. ಆದರೆ ಪ್ಲಾಸ್ಟಿಕ್ ಕೋನ್‌ಗೆ ಅದು ಹಿಡಿಯದು. ಒಳ ಅಂಚು ಪೂರ್ತಿ ಒಣಗಿದ ಮೇಲೆ ಹೊರ ಅಂಚು. ಅಲ್ಲಿ ಲೋಹವಿದ್ದು, ಬಿಳಿ ಅಂಟು ತೇವಕ್ಕೆ ಸಡಿಲಗೊಳ್ಳುವ ಸ್ವಭಾವದ್ದಾದ್ದರಿಂದ ನಾನು ರಬ್ಬರ್ ಆಧಾರಿತ ಅಂಟನ್ನು ಬಳಸಿದೆ. ಎರಡೂ ಬದಿಗೆ ಹಚ್ಚಿ ಆರಿಸಿ ಒತ್ತುವ ಈ ಅಂಟು ಒಮ್ಮೆ ಕಚ್ಚಿದರೆ ಬಿಡುವುದಿಲ್ಲ. ಆದ್ದರಿಂದ ಅಂಟಿಲ್ಲದೆಯೇ ಪಟ್ಟಿಯನ್ನು ಕೂರಿಸಿ ನೋಡಿ, ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡೇ ಮುಂದುವರಿಯಬೇಕು. ಪ್ಯಾಕೆಟ್ಟಿನ ಮೇಲೆ ಬರೆದಿರುವ ಒಣಗುವ ಸಮಯ ನಮ್ಮ ಮಳೆಗಾಲಕ್ಕೆ ಅನ್ವಯಿಸದು. ನಾನು ಬೇಕೆಂದೇ ಮಳೆ ಹಿಂದೆ ಸರಿಯುವವರೆಗೆ ಈ ಕೆಲಸಕ್ಕೆ ಕೈ ಹಾಕಿರಲಿಲ್ಲ.

ಎಕ್ಸ್-ರೇ ಪಟ್ಟಿಗಳನ್ನು ತೆಗೆದು, ಹತ್ತೂ ಬೆರಳುಗಳಿಂದ ಕೋನನ್ನು ಸಮನಾಗಿ ಒತ್ತಿ ಬಿಟ್ಟಾಗ ಯಾವ ಸದ್ದೂ ಬರಲಿಲ್ಲ. ಆಮೇಲೆ ಮೊಬೈಲ್‌ನ ಟೋನ್ ಆ್ಯಪ್‌ನಿಂದ 20ರಿಂದ 80 ಹರ್ಟ್ಸ್‌ವರೆಗೆ ಕಡಿಮೆ ಸದ್ದಿನಲ್ಲಿ ನಡೆಸಿ ನೋಡಿ, ಕೊನೆಗೆ ಡಸ್ಟ್ ಕ್ಯಾಪನ್ನು ಅಂಟಿಸಿದೆ. ಯಕ್ಷಗಾನದ ಧ್ವನಿಮುದ್ರಣ ಹಾಕಿ ಪರೀಕ್ಷಿಸುವ ಆಸೆ ನಮ್ಮ ಕಡೆ ಸಹಜ, ಆದರೆ ಚೆಂಡೆಯ ಪೆಟ್ಟು ಬಹುಪಾಲು ಮೇಲಿನ ಸ್ಪೀಕರುಗಳಿಗೆ ಸೇರಿದ್ದು. ಅದರಿಂದ ಇಲ್ಲಿ ಏನೂ ತಿಳಿಯದು.

ನನ್ನದು ಮುಚ್ಚಿದ ಪೆಟ್ಟಿಗೆ. ಇದರಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗ್‌ನಂತೆ ಕೋನನ್ನು ಹಿಡಿಯುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ತಮ್ಮ ಸ್ಪೀಕರುಗಳಲ್ಲಿ ಬಳಕೆಗೆ ತಂದ ತತ್ತ್ವವಿದು. ಹಾಗಾಗಿ ಅಂಚಿನಲ್ಲಿ ಗಾಳಿ ಸೋರಬಾರದು. ತುಕ್ಕು ಹಿಡಿದಿದ್ದ ಸ್ಕ್ರೂಗಳ ಬದಲು ಸ್ಟೀಲಿನವನ್ನು ಹಾಕಿ, ಸಡಿಲವಾದ ತೂತುಗಳಿಗೆ ಬೆಂಕಿಕಡ್ಡಿಯನ್ನು ಫೆವಿಕಾಲ್‌ನಲ್ಲಿ ಅದ್ದಿ ತುಂಬಿಸಿ, ಬಾಸ್ಕೆಟ್‌ನ ಅಡಿಗೆ ಹೊಸ ಫೋಮ್ ಟೇಪ್ ಇಟ್ಟು, ಎದುರುಬದುರಾಗಿ ಬಿಗಿದೆ. ಬಳಿಕ 30 ಹರ್ಟ್ಸ್‌ನ ಸದ್ದು ನಡೆಯುತ್ತಿರುವಾಗ ಊದುಬತ್ತಿಯ ಹೊಗೆಯನ್ನು, ಕಿಡಿ ಫೋಮ್‌ಗೆ ತಾಗದಷ್ಟು ದೂರದಲ್ಲಿ, ಚೌಕಟ್ಟಿನ ಸುತ್ತ ಒಯ್ದು ನೋಡಿದಾಗ ಕೆಳಗಿನ ಒಂದು ಸ್ಕ್ರೂವಿನ ಬಳಿ ಹೊಗೆ ನಡುಗಿತು. ಅದನ್ನು ಇನ್ನರ್ಧ ಸುತ್ತು ಬಿಗಿ ಮಾಡಿದ ಮೇಲೆ ಅಲ್ಲಿಯೂ ನೆಟ್ಟಗೆ ಏರಿತು.