ಇಂಟರ್‌ವ್ಯೂ ಮಾಡುವ ರೀತಿಯನ್ನು ನಾನು ಬದಲಿಸಿಕೊಂಡದ್ದು

ಹಳೆಯ ನೋಟ್‌ಬುಕ್ ಒಂದು ಕೈಗೆ ಸಿಕ್ಕಿದ್ದರಿಂದ ಇದೆಲ್ಲ ಶುರುವಾಯಿತು. ಆರೇಳು ವರ್ಷ ನಾನು ಮಾಡಿದ ಇಂಟರ್‌ವ್ಯೂಗಳ ಟಿಪ್ಪಣಿ ಅದರಲ್ಲಿತ್ತು. ಒಬ್ಬೊಬ್ಬ ಅಭ್ಯರ್ಥಿಗೆ ಎರಡು ಮೂರು ಸಾಲು. "ಚುರುಕು." "ಕಾನ್ಫಿಡೆನ್ಸ್ ಸಾಲದು." "ಚೆನ್ನಾಗಿ ಮಾತಾಡ್ತಾರೆ, ತಗೋಬಹುದು." "ಯಾಕೋ ಸರಿ ಅನಿಸಲಿಲ್ಲ." ಪುಟ ತಿರುವುತ್ತಾ ಹೋದೆ. ಎಲ್ಲೂ ಕೆಲಸದ ಬಗ್ಗೆ ಒಂದು ಮಾತಿಲ್ಲ.

ನಾನು ನೋಡಿಕೊಳ್ಳುವುದು ಗ್ರಾಹಕರ ದೂರುಗಳ ತಂಡ. ಬಂದ ಪತ್ರ ಓದಬೇಕು. ಲೆಕ್ಕ ತಾಳೆ ನೋಡಬೇಕು. ತಪ್ಪು ಎಲ್ಲಾಗಿದೆ ಅಂತ ಹುಡುಕಬೇಕು. ಅರ್ಥವಾಗುವ ಹಾಗೆ ಉತ್ತರ ಬರೆಯಬೇಕು. ದಿನದ ಬಹುಪಾಲು ಓದು, ಬರಹ, ಲೆಕ್ಕ. ಇಷ್ಟಿದ್ದರೂ ನಾನು ಜನರನ್ನು ಅಳೆಯುತ್ತಿದ್ದದ್ದು ಎದುರಿಗೆ ಕೂತು ಎಷ್ಟು ಸಲೀಸಾಗಿ ಮಾತಾಡುತ್ತಾರೆ ಅನ್ನುವುದರ ಮೇಲೆ.

"ಕಾನ್ಫಿಡೆನ್ಸ್ ಸಾಲದು" ಅಂತ ಬರೆದಿದ್ದ ಒಬ್ಬರನ್ನು ಆಗ ಆಳು ಕಡಿಮೆ ಇದ್ದುದರಿಂದ ಒಲ್ಲದ ಮನಸ್ಸಿನಿಂದ ತೆಗೆದುಕೊಂಡಿದ್ದೆ. ನೋಟ್‌ಬುಕ್ ನೋಡುವ ಹೊತ್ತಿಗೆ ತಂಡದ ಅತಿ ಕಷ್ಟದ ದೂರುಗಳೆಲ್ಲ ಅವರ ಮೇಜಿಗೇ ಹೋಗುತ್ತಿದ್ದವು. "ಚೆನ್ನಾಗಿ ಮಾತಾಡ್ತಾರೆ" ಅಂತ ಬರೆದಿದ್ದವರು ಎಂಟು ತಿಂಗಳಲ್ಲಿ ಬಿಟ್ಟು ಹೋಗಿದ್ದರು. ಅವರ ಕಂಪ್ಯೂಟರ್‌ನಲ್ಲಿ ಉತ್ತರ ಕೊಡದ ದೂರುಗಳು ರಾಶಿ ಬಿದ್ದಿದ್ದವು. ಅವರು ಕೆಟ್ಟವರೇನಲ್ಲ. ಈ ಕೆಲಸ ಅವರಿಗೆ ಆಗಿಬರಲಿಲ್ಲ, ಅಷ್ಟೇ. ಅದನ್ನು ಮೊದಲೇ ತಿಳಿದುಕೊಳ್ಳಬೇಕಾಗಿದ್ದವನು ನಾನು.

ಆ ರಾತ್ರಿ ನನ್ನನ್ನು ಕಾಡಿದ್ದು ಇನ್ನೊಂದು ವಿಷಯ. "ಯಾಕೋ ಸರಿ ಅನಿಸಲಿಲ್ಲ" ಅಂತ ಬರೆದು ಕಳಿಸಿಬಿಟ್ಟವರು ಎಷ್ಟು ಜನ? ಅವರು ಏನು ಮಾಡಬಲ್ಲವರಾಗಿದ್ದರು ಅಂತ ನನಗೆ ಎಂದೂ ಗೊತ್ತಾಗುವುದಿಲ್ಲ. ತಪ್ಪಾಗಿ ತೆಗೆದುಕೊಂಡವರು ಕಣ್ಣಿಗೆ ಕಾಣುತ್ತಾರೆ. ತಪ್ಪಾಗಿ ಬಿಟ್ಟವರು ಕಾಣುವುದೇ ಇಲ್ಲ.

ಈ ವಿಷಯ ತಿಳಿದವರು ಏನು ಹೇಳಿದ್ದಾರೆ ಅಂತ ಓದಲು ಶುರು ಮಾಡಿದೆ. ನನ್ನ ತಪ್ಪಿಗೆ ನೂರು ವರ್ಷದ ಹಿಂದೆಯೇ ಹೆಸರಿಟ್ಟಿದ್ದರು. ಎಡ್ವರ್ಡ್ ಥಾರ್ನ್‌ಡೈಕ್ ಅನ್ನುವ ಮನಃಶಾಸ್ತ್ರಜ್ಞ 1920ರಲ್ಲಿ ಸೈನ್ಯದ ಮೇಲಧಿಕಾರಿಗಳು ತಮ್ಮ ಕೈಕೆಳಗಿನ ಅಧಿಕಾರಿಗಳಿಗೆ ಕೊಟ್ಟ ಅಂಕಗಳ ಬಗ್ಗೆ ಬರೆದ. ಮೈಕಟ್ಟು, ಬುದ್ಧಿ, ಮುಂದಾಳುತನ, ನಡತೆ, ಎಲ್ಲಕ್ಕೂ ಬೇರೆ ಬೇರೆ ಅಂಕ ಕೊಡಬೇಕಿತ್ತು. ಒಂದರಲ್ಲಿ ಜಾಸ್ತಿ ಕೊಟ್ಟವರು ಉಳಿದದ್ದರಲ್ಲೂ ಜಾಸ್ತಿ ಕೊಟ್ಟಿದ್ದರು. ಒಂದು ಗುಣ ಹಿಡಿಸಿದರೆ ಅದರ ಬೆಳಕು ಉಳಿದ ಎಲ್ಲದರ ಮೇಲೂ ಬೀಳುತ್ತದೆ. ಇದಕ್ಕೆ ಹೇಲೋ ಎಫೆಕ್ಟ್ ಅನ್ನುತ್ತಾರೆ. ನನ್ನ ನೋಟ್‌ಬುಕ್ ತುಂಬಾ ಅದೇ ಇತ್ತು.

ಇನ್ನೊಂದು, ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ಬರೆದದ್ದು. 85 ವರ್ಷದ ಸಂಶೋಧನೆಗಳನ್ನು ಒಟ್ಟು ಹಾಕಿ, ಆಯ್ಕೆಯ ಒಂದೊಂದು ವಿಧಾನಕ್ಕೂ ಮುಂದೆ ಮಾಡುವ ಕೆಲಸಕ್ಕೂ ಎಷ್ಟು ನಂಟಿದೆ ಅಂತ ಅವರು ಲೆಕ್ಕ ಹಾಕಿದರು. ನಂಟೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1. ಮನಸ್ಸಿಗೆ ಬಂದದ್ದನ್ನು ಕೇಳುವ ಇಂಟರ್‌ವ್ಯೂಗೆ 0.38. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆ ಇಟ್ಟ ಇಂಟರ್‌ವ್ಯೂಗೆ 0.51. ಎಷ್ಟು ವರ್ಷದ ಅನುಭವ ಅನ್ನುವುದಕ್ಕೆ ಬರೀ 0.18. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಅವರ ಜೊತೆಗಾರರು ಈ ಲೆಕ್ಕವನ್ನು ತಿದ್ದಿದರು. ಹೆಚ್ಚಿನ ಅಂಕಿಗಳು ಕೆಳಗಿಳಿದವು. ಮನಸ್ಸಿಗೆ ಬಂದ ಹಾಗೆ ಮಾಡುವ ಇಂಟರ್‌ವ್ಯೂ 0.19ಕ್ಕೆ ಬಂತು. ಒಂದೇ ಅಳತೆಯ ಇಂಟರ್‌ವ್ಯೂ 0.42ರಲ್ಲಿ ಎಲ್ಲಕ್ಕಿಂತ ಮೇಲೆ ಬಂತು. ಅದೂ ಪೂರ್ತಿ ಭರವಸೆ ಇಡುವಂಥ ಅಂಕಿ ಅಲ್ಲ. ಆದರೂ ನಾನು ಮಾಡುತ್ತಿದ್ದದ್ದರ ಎರಡು ಪಟ್ಟಿಗಿಂತ ಜಾಸ್ತಿ.

ಮೊದಲು ಮಾಡಿದ ಬದಲಾವಣೆ ತೀರಾ ಸಣ್ಣದು. ಅರ್ಜಿ ಕರೆಯುವ ಮುಂಚೆ, ಈ ಕೆಲಸಕ್ಕೆ ಏನು ಬೇಕು ಅಂತ ಒಂದು ಹಾಳೆಯಲ್ಲಿ ಬರೆದೆವು. ಪೂರ್ತಿ ಓದುವ ತಾಳ್ಮೆ. ಲೆಕ್ಕ ಸರಿ ನೋಡುವ ಕಣ್ಣು. ಸರಳವಾಗಿ ಬರೆಯುವ ಕೈ. ಸಿಟ್ಟಿನ ಮಾತಿಗೆ ಸಿಟ್ಟಾಗದ ಮನಸ್ಸು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳುವುದು. ಐದೇ. "ಚುರುಕಾಗಿರಬೇಕು" ಅಂತ ಒಬ್ಬರು ಸೇರಿಸಿದರು. ಚುರುಕು ಅಂದರೆ ಈ ಕೆಲಸದಲ್ಲಿ ಏನು ಮಾಡುವುದು ಅಂತ ಕೇಳಿದಾಗ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಬಿಟ್ಟೆವು.

ಆಮೇಲೆ ರೆಸ್ಯೂಮೆ. ಹೆಸರು, ಫೋಟೋ, ವಯಸ್ಸು, ಕಾಲೇಜು, ಊರು ಇಷ್ಟನ್ನೂ ಮುಚ್ಚಿ ಕೊಡಿ ಅಂತ ಒಬ್ಬ ಸಹೋದ್ಯೋಗಿಗೆ ಹೇಳಿದೆ. ಇದಕ್ಕೂ ಕಾರಣವಿತ್ತು. ಅಮೆರಿಕದ ಬಾಸ್ಟನ್ ಮತ್ತು ಶಿಕಾಗೊದಲ್ಲಿ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅನ್ನುವ ಅರ್ಥಶಾಸ್ತ್ರಜ್ಞರು ಸುಮಾರು 5,000 ರೆಸ್ಯೂಮೆ ಕಳಿಸಿ ನೋಡಿದ್ದರು. ಯಾವ ರೆಸ್ಯೂಮೆಗೆ ಯಾವ ಹೆಸರು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಹಂಚಿದ್ದರು. ಬಿಳಿಯರದ್ದು ಅನಿಸುವ ಹೆಸರಿಗೆ ಸುಮಾರು 10 ಅರ್ಜಿಗೆ ಒಂದು ಕರೆ ಬಂತು. ಕರಿಯರದ್ದು ಅನಿಸುವ ಹೆಸರಿಗೆ ಸುಮಾರು 15ಕ್ಕೆ ಒಂದು. 2004ರಲ್ಲಿ ಪ್ರಕಟವಾದ ಅಧ್ಯಯನ ಅದು. ನಾನು ಹಾಗೆಲ್ಲ ಮಾಡುವವನಲ್ಲ ಅಂತ ನಂಬಿದ್ದೆ. ಮುಚ್ಚಿದ ಹಾಳೆಗಳು ಮೇಜಿಗೆ ಬಂದಾಗ ಗೊತ್ತಾಯಿತು. ಪ್ರತಿ ಹಾಳೆಯಲ್ಲೂ ನನ್ನ ಕಣ್ಣು ಮೊದಲು ಕಾಲೇಜಿನ ಹೆಸರಿರುವ ಜಾಗಕ್ಕೆ ಹೋಗುತ್ತಿತ್ತು. ಅಲ್ಲಿ ಏನೂ ಕಾಣದೆ ತಬ್ಬಿಬ್ಬಾಗುತ್ತಿದ್ದೆ. ಇಷ್ಟು ವರ್ಷ ಉಳಿದದ್ದನ್ನೆಲ್ಲ ಅದರ ಬೆಳಕಿನಲ್ಲೇ ಓದಿದ್ದೆ.

ಹಾಗೇ ಗ್ಯಾಪ್. ಎರಡು ವರ್ಷ ಕೆಲಸ ಮಾಡಿಲ್ಲ ಅಂತ ಕಂಡರೆ ಮೊದಲು ನಾನು ಬದಿಗಿಡುತ್ತಿದ್ದೆ. ಕಾರಣ ಕೇಳಿದರೆ ಮಗು, ಕಾಯಿಲೆ, ಮನೆಯ ಹಿರಿಯರ ಆರೈಕೆ, ಇಂಥವೇ. ನಾವು ಬರೆದ ಐದರಲ್ಲಿ ಯಾವುದಕ್ಕೂ ಇವುಗಳಿಂದ ಕುಂದು ಬರುವುದಿಲ್ಲ ಅಲ್ವಾ? ಈಗ ಕೇಳುವುದೇ ಇಲ್ಲ.

ನಿಜವಾದ ಬದಲಾವಣೆ ತಂದದ್ದು ಕೆಲಸದ ಪರೀಕ್ಷೆ. ಮಾತಿಗೆ ಮುಂಚೆ ಒಂದು ದೂರು ಕೊಟ್ಟು ನಲವತ್ತು ನಿಮಿಷ ಬಿಡುತ್ತೇವೆ. ನಿಜವಾದ ದೂರನ್ನೇ ಹೆಸರು, ಅಂಕಿ ಬದಲಿಸಿ ಮಾಡಿದ್ದು. ಒಂದೇ ಬಿಲ್ಲಿಗೆ ಎರಡು ಸಲ ಹಣ ಕಟ್ಟಿಸಿಕೊಂಡಿದ್ದೀರಿ ಅಂತ ಗ್ರಾಹಕರು ಸಿಟ್ಟಿನಲ್ಲಿ ಬರೆದಿದ್ದಾರೆ. ಇದು ನಾಲ್ಕನೇ ಪತ್ರ, ಮೊದಲ ಮೂರಕ್ಕೆ ಉತ್ತರ ಬಂದಿಲ್ಲ ಅಂತಲೂ ಇದೆ. ಕೊನೆಯ ಸಾಲಿನಲ್ಲಿ, ಮುಂದಿನ ತಿಂಗಳು ವಿಳಾಸ ಬದಲಾಗುತ್ತೆ, ಬಿಲ್ ಎಲ್ಲಿಗೆ ಕಳಿಸುತ್ತೀರಿ ಅಂತ ಕೇಳಿದ್ದಾರೆ. ಜೊತೆಗೆ ಒಂದು ಪುಟ ಪಾವತಿಯ ವಿವರ. ನಿಧಾನವಾಗಿ ನೋಡಿದರೆ ಎರಡು ಪಾವತಿಯೂ ಸರಿಯಾಗಿಯೇ ಇವೆ. ಒಂದು ಈ ತಿಂಗಳದ್ದು, ಇನ್ನೊಂದು ಹಿಂದಿನ ತಿಂಗಳ ಬಾಕಿ. ಮೊತ್ತ ಒಂದೇ ಆಗಿರುವುದರಿಂದ ಹಾಗೆ ಕಾಣುತ್ತದೆ. ಇದಕ್ಕೆ ಉತ್ತರ ಬರೆಯಬೇಕು.

ಮೊದಲ ಸಲ ಇದನ್ನು ಕೊಟ್ಟಾಗ ಇಬ್ಬರ ಹಾಳೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಒಬ್ಬರು ಒಳಗೆ ಬಂದ ಕೂಡಲೇ ಕೋಣೆಯಲ್ಲಿದ್ದವರಿಗೆಲ್ಲ ಇಷ್ಟವಾದರು. ನಗು, ಮಾತು, ಎಲ್ಲ ಚೆಂದ. ಅವರ ಉತ್ತರವೂ ಓದಲು ಚೆನ್ನಾಗಿತ್ತು. ತುಂಬು ಮನಸ್ಸಿನಿಂದ ಕ್ಷಮೆ ಕೇಳಿದ್ದರು. ಆಮೇಲೆ, ಹೆಚ್ಚಾಗಿ ಹೋದ ಹಣ ವಾಪಸ್ ಕೊಡುತ್ತೇವೆ ಅಂತ ಮಾತು ಕೊಟ್ಟಿದ್ದರು. ಹೆಚ್ಚಾಗಿ ಹಣ ಹೋಗಿಯೇ ಇರಲಿಲ್ಲ. ಪಾವತಿಯ ಪುಟವನ್ನು ಅವರು ನೋಡಿರಲಿಲ್ಲ.

ಇನ್ನೊಬ್ಬರ ದನಿ ನನಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಪರಿಚಯ ಮಾಡಿಕೊಳ್ಳಿ ಅಂದರೆ ಎರಡು ವಾಕ್ಯ ಹೇಳಿ ಸುಮ್ಮನಾದರು. ನೀರಿನ ಲೋಟ ಎತ್ತುವಾಗ ಕೈ ನಡುಗುತ್ತಿತ್ತು. ಅವರ ಹಾಳೆಯ ಮೊದಲ ವಾಕ್ಯ ಹೀಗಿತ್ತು: "ನೀವು ಮೂರು ಸಲ ಬರೆದರೂ ಉತ್ತರ ಬರದೇ ಇದ್ದದ್ದು ನಮ್ಮ ತಪ್ಪು." ಅದರ ಕೆಳಗೆ ಎರಡೇ ಸಾಲಿನ ಒಂದು ಪಟ್ಟಿ. ಈ ದಿನ ಕಟ್ಟಿದ್ದು ಈ ತಿಂಗಳಿಗೆ, ಆ ದಿನ ಕಟ್ಟಿದ್ದು ಆ ತಿಂಗಳಿಗೆ. ನೀವು ತಪ್ಪು ತಿಳಿದಿದ್ದೀರಿ ಅನ್ನುವ ಮಾತೇ ಇಲ್ಲ. ಓದಿದವರಿಗೆ ತಾನಾಗಿ ಗೊತ್ತಾಗುತ್ತದೆ. ಆಮೇಲೆ ವಿಳಾಸದ ಪ್ರಶ್ನೆಗೆ ಉತ್ತರ. ಹಾಳೆಯ ತುದಿಯಲ್ಲಿ ಪೆನ್ಸಿಲ್‌ನಲ್ಲಿ ನಮಗೆ ಒಂದು ಸಾಲು ಬರೆದಿದ್ದರು: "ಮೂರು ಪತ್ರಕ್ಕೆ ಯಾಕೆ ಉತ್ತರ ಹೋಗಿಲ್ಲ ಅಂತ ಒಳಗೆ ವಿಚಾರಿಸಬೇಕು." ಅದನ್ನು ನಾವು ಯಾರನ್ನೂ ಕೇಳಿರಲಿಲ್ಲ. ಬೇರೆ ಯಾರೂ ಬರೆದಿರಲೂ ಇಲ್ಲ.

ಹಳೆಯ ರೀತಿಯಲ್ಲಾಗಿದ್ದರೆ ಅವರನ್ನು ಹತ್ತು ನಿಮಿಷದಲ್ಲಿ ಕಳಿಸಿಬಿಡುತ್ತಿದ್ದೆ. ಇದನ್ನು ಬರೆಯುವಾಗಲೂ ಒಂಥರಾ ಸಂಕಟ ಆಗುತ್ತದೆ.

ಪರೀಕ್ಷೆಯ ವಿಷಯದಲ್ಲಿ ಒಂದು ಮಾತು. ಮನೆಗೆ ಕೊಟ್ಟು ಮೂರು ದಿನ ದುಡಿಸುವ ಪರೀಕ್ಷೆ ನನಗೆ ಒಪ್ಪಿಗೆ ಇಲ್ಲ. ಕೆಲಸ ಹುಡುಕುವವರು ಒಂದೇ ಕಡೆ ಅರ್ಜಿ ಹಾಕಿರುವುದಿಲ್ಲ. ಮನೆಯ ಜವಾಬ್ದಾರಿ ಇರುವವರು ಅಂಥ ಪರೀಕ್ಷೆಯಲ್ಲಿ ಮೊದಲೇ ಹಿಂದೆ ಬೀಳುತ್ತಾರೆ. ಅವರು ಬರೆದದ್ದನ್ನು ನಾವು ನಮ್ಮ ಕೆಲಸಕ್ಕೆ ಬಳಸುವುದಂತೂ ಅನ್ಯಾಯ. ನಲವತ್ತು ನಿಮಿಷ ಸಾಕು.

ಇಂಟರ್‌ವ್ಯೂನಲ್ಲಿ ಈಗ ಎಲ್ಲರಿಗೂ ಅವೇ ಐದು ಪ್ರಶ್ನೆ, ಅದೇ ಕ್ರಮದಲ್ಲಿ. "ನಿಮ್ಮ ದೌರ್ಬಲ್ಯ ಏನು" ಅನ್ನುವುದನ್ನು ಬಿಟ್ಟೆ. ಅದಕ್ಕೆ ಬರುವುದು ಬಾಯಿಪಾಠದ ಉತ್ತರ. ಜಾಣಪ್ರಶ್ನೆ, ಒಗಟು ಕೂಡ ಇಲ್ಲ. ಗೂಗಲ್‌ನ ನೇಮಕಾತಿ ನೋಡಿಕೊಳ್ಳುತ್ತಿದ್ದ ಲಾಸ್ಲೊ ಬಾಕ್ ಅವರೇ 2013ರಲ್ಲಿ, ಒಗಟು ಕೇಳುವುದು ಪೂರ್ತಿ ಸಮಯ ವ್ಯರ್ಥ ಅಂದಿದ್ದರು. ನನಗೆ ಜಾಸ್ತಿ ಉಪಯೋಗಕ್ಕೆ ಬಂದ ಪ್ರಶ್ನೆ ಇದು: "ನಿಮ್ಮ ಕೈಯಿಂದ ಆದ ಒಂದು ತಪ್ಪನ್ನು ಬೇರೆಯವರಿಗಿಂತ ಮೊದಲು ನೀವೇ ಕಂಡುಹಿಡಿದದ್ದು ಯಾವಾಗ?" ಅದರ ಹಿಂದೆಯೇ, ಹೇಗೆ ಗೊತ್ತಾಯಿತು, ಯಾರಿಗೆ ಹೇಳಿದಿರಿ, ಮರುದಿನ ಏನು ಮಾಡಿದಿರಿ. ಕಟ್ಟಿಕೊಂಡು ಬಂದ ಕಥೆ ಮೂರನೇ ಪ್ರಶ್ನೆಗೆ ತಡವರಿಸುತ್ತದೆ. ನಿಜವಾಗಿ ನಡೆದದ್ದಾದರೆ ವಿವರ ತಾನಾಗಿ ಬರುತ್ತಾ ಹೋಗುತ್ತದೆ. ನಿಧಾನವಾಗಿ ಮಾತಾಡುವವರಲ್ಲೂ ಅಷ್ಟೇ.

ಅಂಕ ಕೊಡುವುದು ಆಗಿಂದಾಗಲೇ. ಒಂದರಿಂದ ಐದು. ಮೂರು ಅಂದರೆ ಎಂಥ ಉತ್ತರ, ಐದು ಅಂದರೆ ಎಂಥದ್ದು ಅಂತ ಮೊದಲೇ ಬರೆದಿರುತ್ತೇವೆ. ಕೋಣೆಯಲ್ಲಿ ಮೂವರಿದ್ದರೆ ಮೂವರೂ ಬೇರೆ ಬೇರೆಯಾಗಿ ಬರೆದು, ಹಾಳೆ ಮಗುಚಿಟ್ಟ ಮೇಲೆಯೇ ಮಾತು. ಮೊದಲೆಲ್ಲ ಅಭ್ಯರ್ಥಿ ಬಾಗಿಲು ದಾಟಿದ ಕೂಡಲೇ ನಾನು "ಹೇಗನ್ಸಿತು? ನನಗೇನೋ ಅಷ್ಟಕ್ಕಷ್ಟೆ" ಅನ್ನುತ್ತಿದ್ದೆ. ಉಳಿದಿಬ್ಬರು ಹೌದು ಹೌದು ಅನ್ನುತ್ತಿದ್ದರು. ಅದನ್ನು ನಾನು ಮೂವರ ಒಮ್ಮತ ಅಂತ ತಿಳಿದಿದ್ದೆ. ಹಾಳೆ ಮಗುಚಿಡಲು ಶುರು ಮಾಡಿದ ಮೊದಲ ವಾರವೇ, ನಾನು 2 ಕೊಟ್ಟ ಕಡೆ ಕಿರಿಯ ಸಹೋದ್ಯೋಗಿ 5 ಕೊಟ್ಟಿದ್ದರು. ಕಾರಣ ಕೇಳಿದೆ. ಅಭ್ಯರ್ಥಿ ಹೇಳಿದ ಒಂದು ಮುಖ್ಯ ಮಾತನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ.

ಹಾಗಾದರೆ ಮನಸ್ಸಿಗೆ ಅನಿಸಿದ್ದಕ್ಕೆ ಬೆಲೆಯೇ ಇಲ್ಲವಾ? ಇದನ್ನು ನನ್ನ ಹಳೆಯ ಜೊತೆಗಾರರು ಈಗಲೂ ಕೇಳುತ್ತಾರೆ. ಇಲ್ಲಿ ನನಗೆ ದಾರಿ ತೋರಿಸಿದ್ದು ಮನಃಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಅವರ ಅನುಭವ. 1955ರಲ್ಲಿ, 21ರ ವಯಸ್ಸಿನಲ್ಲಿ, ಇಸ್ರೇಲ್ ಸೈನ್ಯಕ್ಕೆ ಸೇರುವವರ ಇಂಟರ್‌ವ್ಯೂ ಹೇಗಿರಬೇಕು ಅಂತ ರೂಪಿಸುವ ಕೆಲಸ ಅವರಿಗೆ ಬಂತು. ಆರು ಗುಣ ಆರಿಸಿದರು. ಒಂದೊಂದಕ್ಕೂ ನಡೆದ ಸಂಗತಿ ಕೇಳಿ, ಬೇರೆ ಬೇರೆ ಅಂಕ ಕೊಟ್ಟು, ಆಮೇಲೆ ಮುಂದಕ್ಕೆ ಹೋಗಬೇಕು. ಇಂಟರ್‌ವ್ಯೂ ಮಾಡುವವರು ಗೊಣಗಿದರು. ಅದಕ್ಕೆ ಅವರು, ಎಲ್ಲ ಅಂಕ ಕೊಟ್ಟು ಮುಗಿಸಿದ ಮೇಲೆ ಕಣ್ಣು ಮುಚ್ಚಿ, ಈ ಹುಡುಗ ಸೈನಿಕನಾಗಿ ಹೇಗಿರಬಹುದು ಅಂತ ಊಹಿಸಿ ಒಂದು ಅಂಕ ಕೊಡಿ ಅಂದರು. ಆ ಕೊನೆಯ ಅಂಕವೂ ಚೆನ್ನಾಗಿಯೇ ಕೆಲಸ ಮಾಡಿತು, ಆರು ಗುಣಗಳ ಒಟ್ಟು ಅಂಕದಷ್ಟೇ. ಹಾಗಾಗಿ ನಾವೂ ಕೊನೆಯಲ್ಲಿ ಒಂದು ಖಾಲಿ ಜಾಗ ಇಟ್ಟಿದ್ದೇವೆ. ಐದೂ ತುಂಬಿದ ಮೇಲೆ ಮಾತ್ರ ಅದನ್ನು ತುಂಬಬೇಕು.

ಈಗ ಅರ್ಜಿ ಸೋಸುವ ಕೆಲಸವನ್ನು ಯಂತ್ರಕ್ಕೆ ಬಿಡಿ ಅಂತ ಹೇಳುವವರು ತುಂಬಾ ಜನ. ನನಗೆ ಭಯ. ಅಮೆಜಾನ್ ಅಂಥ ಒಂದನ್ನು ಮಾಡಿ ಕೈಬಿಟ್ಟದ್ದು 2018ರಲ್ಲಿ ಸುದ್ದಿಯಾಗಿತ್ತು. ಹಿಂದಿನ ಹತ್ತು ವರ್ಷದ ಅರ್ಜಿಗಳಿಂದ ಅದು ಕಲಿತಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರದ್ದು. "ಮಹಿಳೆಯರ" ಅನ್ನುವ ಪದ ಕಂಡ ರೆಸ್ಯೂಮೆಯನ್ನು ಅದು ಕೆಳಗೆ ತಳ್ಳುತ್ತಿತ್ತು. ನನ್ನ ಹಳೆಯ ನೋಟ್‌ಬುಕ್ ಕೊಟ್ಟು ಯಂತ್ರಕ್ಕೆ ಕಲಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುತ್ತೇನೆ.

ಬೇಡ ಅಂದವರಿಗೆ ಕಾರಣ ಹೇಳುವುದನ್ನೂ ಶುರು ಮಾಡಿದೆ. ಮೊದಲು ಹೇಳಲು ನನ್ನ ಹತ್ತಿರ ಕಾರಣವೇ ಇರುತ್ತಿರಲಿಲ್ಲ, ಅದಕ್ಕೇ ಸುಮ್ನೆ ಇದ್ದುಬಿಡುತ್ತಿದ್ದೆ. ವಾರಗಟ್ಟಲೆ ಫೋನ್ ನೋಡುತ್ತಾ ಕೂರುವುದು ಏನು ಅಂತ ಕೆಲಸ ಹುಡುಕಿದವರಿಗೆಲ್ಲ ಗೊತ್ತು. ಈಗ ಹಾಳೆ ಎದುರಿಗಿಟ್ಟುಕೊಂಡು ಫೋನ್ ಮಾಡುತ್ತೇನೆ. ಒಬ್ಬರಿಗೆ, "ಬರವಣಿಗೆ ಚೆನ್ನಾಗಿದೆ, ಆದರೆ ಪಾವತಿಯ ತಾರೀಖು ತಾಳೆ ನೋಡಿಲ್ಲ, ಕೊನೆಯ ಪ್ರಶ್ನೆಗೆ ಉತ್ತರ ಇಲ್ಲ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹನ್ನೊಂದು ಕಡೆ ಹೋಗಿ ಬಂದೆ ಸರ್, ಕಾರಣ ಹೇಳಿದ್ದು ನೀವೊಬ್ಬರೇ" ಅಂದರು.

ಎಲ್ಲ ಸರಿಹೋಗಿದೆ ಅಂತ ಹೇಳಲಾರೆ. ಅಂಕ ಜಾಸ್ತಿ ಬಂದ ಒಬ್ಬರು ತಂಡದಲ್ಲಿ ಯಾರಿಗೂ ಸಹಾಯ ಮಾಡದೆ ಎಲ್ಲರನ್ನೂ ಸುಸ್ತು ಮಾಡಿದರು. ಅದನ್ನು ನಮ್ಮ ಐದರಲ್ಲಿ ಯಾವುದೂ ಹಿಡಿಯಲಿಲ್ಲ. ಆರು ತಿಂಗಳಿಗೊಮ್ಮೆ ಹಳೆಯ ಹಾಳೆಗಳನ್ನು ತೆಗೆದು, ಅಂದು ಕೊಟ್ಟ ಅಂಕ ಮತ್ತು ಇಂದಿನ ಕೆಲಸ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಕಳೆದ ಸಲ ನೋಡಿದಾಗ ನಾಲ್ಕನೇ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರಿಗೂ 4 ಬಂದಿತ್ತು. ಚೆನ್ನಾಗಿ ಮಾಡುವವರಿಗೂ 4, ಕಷ್ಟಪಡುತ್ತಿರುವವರಿಗೂ 4. ಆ ಪ್ರಶ್ನೆ ತೆಗೆದೆವು. ಅದರ ಜಾಗದಲ್ಲಿ, ಜೊತೆಯವರ ಕೆಲಸ ನಿಂತುಹೋದಾಗ ನೀವೇನು ಮಾಡಿದಿರಿ ಅಂತ ಕೇಳಿದರೆ ಹೇಗೆ ಅಂತ ಆ ಕಿರಿಯ ಸಹೋದ್ಯೋಗಿ ಹೇಳಿದ್ದಾರೆ. ಮುಂದಿನ ವಾರ ಬರುವವರಿಗೆ ಅದನ್ನೇ ಕೇಳಲಿದ್ದೇವೆ. ಮೂರು ಅಂದರೆ ಎಂಥ ಉತ್ತರ, ಐದು ಅಂದರೆ ಎಂಥದ್ದು ಅಂತ ಇವತ್ತು ಸಂಜೆ ಕೂತು ಬರೆಯಬೇಕು.