ಒಂದೇ ಕಾಲಮಿನ ಮಕ್ಕಳು: ನಲಿ-ಕಲಿ ಕೋಣೆಯ ನನ್ನ ಅನುಭವ

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಏಳು ವರ್ಷ ನಲಿ-ಕಲಿ ತರಗತಿಯನ್ನು ನಡೆಸಿದ್ದೇನೆ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ಒಂದು ತಟ್ಟೆಯಿಂದ (ಎಷ್ಟು ಸಹಾಯ ಬೇಕೆಂಬುದರ ಮೇಲೆ ಮಾಡಿದ ಗುಂಪಿಗೆ ಇಲ್ಲಿ ತಟ್ಟೆ ಎನ್ನುತ್ತಾರೆ) ಮತ್ತೊಂದು ತಟ್ಟೆಗೆ ಸರಿಯುತ್ತ, ಕಲಿಕಾ ಏಣಿಯ, ಅಂದರೆ ಕ್ರಮವಾಗಿ ಜೋಡಿಸಿದ ಕಲಿಕೆಯ ಹಂತಗಳ, ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುವುದು ಈ ಪದ್ಧತಿಯ ಕ್ರಮ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಇದು 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ನಮ್ಮ ಶಾಲೆಗೆ ಊರಿನ ಮಕ್ಕಳ ಜೊತೆಗೆ ಒಂದೂವರೆ ಕಿಲೋಮೀಟರ್ ದೂರದ ಲಂಬಾಣಿಗರ ತಾಂಡಾದ ಮಕ್ಕಳೂ ನಡೆದು ಬರುತ್ತಿದ್ದರು.

ಪ್ರತಿ ವರ್ಷ ಮಾರ್ಚ್ ಕೊನೆಗೆ ಮಕ್ಕಳ ಕಲಿಕೆಯ ಮಟ್ಟವನ್ನು ಒಂದು ನಮೂನೆಯಲ್ಲಿ ತುಂಬಿ ಕೊಡುತ್ತಿದ್ದೆವು. ಅದರಲ್ಲಿ ಗಂಡು, ಹೆಣ್ಣು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತ, ಇತರೆ ಎಂಬ ಕಾಲಂಗಳಿರುತ್ತಿದ್ದವು. ನನ್ನ ಮೊದಲ ಮೂರು ವರ್ಷವೂ ಪರಿಶಿಷ್ಟ ಜಾತಿಯ ಕಾಲಮಿನ ಅಂಕಿಗಳೇ ಎಲ್ಲಕ್ಕಿಂತ ಕೆಳಗಿದ್ದವು. ಆ ಮಕ್ಕಳ ಕಡೆಗೆ ಹೆಚ್ಚು ಗಮನ ಕೊಡಬೇಕೆಂಬ ಸೂಚನೆ ಬರುತ್ತಿತ್ತು, ನಾನೂ ಅದನ್ನು ಮನಸಾರೆ ಒಪ್ಪಿಕೊಂಡು ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅವರನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದೆ. ಮರುವರ್ಷ ನಮೂನೆ ತುಂಬುವಾಗ ಅಂಕಿ ಹೆಚ್ಚುಕಡಿಮೆ ಅಲ್ಲಿಯೇ ನಿಂತಿರುತ್ತಿತ್ತು.

ನಾಲ್ಕನೆಯ ವರ್ಷ ಆ ಒಂದು ಕಾಲಮಿನಲ್ಲಿ ಯಾರು ಯಾರಿದ್ದಾರೆಂದು ಹೆಸರು ಬರೆದುಕೊಂಡು ನೋಡಿದೆ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಹೀಗಾಗಿ ಮನೆಯಲ್ಲಿ ಹುಟ್ಟಿನಿಂದ ಕನ್ನಡವನ್ನೇ ಆಡುವ ಊರಿನ ಮಾದಿಗರ ಓಣಿಯ ಮಕ್ಕಳು, ಆರು ವರ್ಷದವರೆಗೆ ಲಂಬಾಣಿಗರ ಮನೆಮಾತಾದ ಗೋರ್ ಬೋಲಿಯ ಹೊರತು ಬೇರೆ ಮಾತನ್ನೇ ಆಡದ ತಾಂಡಾದ ಮಕ್ಕಳು, ಇಬ್ಬರೂ ಒಂದೇ ಅಂಕಿಯೊಳಗೆ ಸೇರಿಹೋಗಿದ್ದರು. ಇವರಿಬ್ಬರ ಹಿಂದುಳಿಯುವಿಕೆಗೆ ಕಾರಣ ಒಂದೇ ಆಗಿರಲು ಸಾಧ್ಯವೇ ಇಲ್ಲವೆಂದು ನನಗೆ ಅನ್ನಿಸಿದ್ದು ಆ ದಿನ. ಒಂದೇ ಔಷಧವನ್ನು ಇಬ್ಬರಿಗೂ ಕುಡಿಸಿದ ಮೂರು ವರ್ಷ ನನ್ನ ಕಣ್ಣ ಮುಂದೆ ಬಂತು.

ಆ ಜೂನ್‌ನಿಂದ ನಮೂನೆಗಳ ಜೊತೆಗೆ ನನ್ನದೇ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಮಗುವಿಗೆ ಒಂದು ಪುಟ. ಮನೆಯ ಮಾತು, ನಿಜವಾದ ವಯಸ್ಸು, ಅಂಗನವಾಡಿಗೆ ಹೋಗಿತ್ತೇ ಇಲ್ಲವೇ, ತಿಂಗಳಿಗೆ ಎಷ್ಟು ದಿನ ಶಾಲೆಗೆ ಬಂತು, ಇಷ್ಟನ್ನು ಮೇಲೆ ಬರೆದೆ. ಕೆಳಗೆ, ಜುಲೈ, ನವೆಂಬರ್ ಮತ್ತು ಮಾರ್ಚ್‌ನಲ್ಲಿ ಒಂದೊಂದೇ ಮಗುವನ್ನು ಪಕ್ಕಕ್ಕೆ ಕರೆದು, ಕಲಿಸಿದ ಅಕ್ಷರಗಳಲ್ಲಿ ಹತ್ತು, ಆ ಅಕ್ಷರಗಳಿಂದಾದ ಐದು ಪದ, ನಾಲ್ಕು ಸಾಲಿನ ಒಂದು ಕತೆ ಓದಿಸಿ, ಕತೆಯ ಮೇಲೆ ಎರಡು ಪ್ರಶ್ನೆ ಕೇಳಿ ಬಂದದ್ದನ್ನು ಬಂದ ಹಾಗೆಯೇ ಬರೆದೆ. ಒಂದು ಮಗುವಿಗೆ ಐದಾರು ನಿಮಿಷ ಸಾಕಾಗುತ್ತಿತ್ತು. ಸರಿ-ತಪ್ಪಿನ ಗುರುತು ಹಾಕದೆ ಮಗು ಆಡಿದ ಮಾತನ್ನೇ ಬರೆದಿಟ್ಟದ್ದರಿಂದ ನನಗೆ ಬಹಳ ಉಪಯೋಗವಾಯಿತು.

ಮೊದಲ ಜುಲೈನಲ್ಲಿಯೇ ಅದು ಗೊತ್ತಾಯಿತು. ಚಿತ್ರ ತೋರಿಸಿ ಹೆಸರು ಹೇಳಿಸುವಾಗ ತಾಂಡಾದ ಒಂದು ಹುಡುಗಿ ನೀರಿನ ಕೊಡದ ಮೇಲೆ ಬೆರಳಿಟ್ಟು 'ಪಾಣಿ' ಎಂದಳು. ರೊಟ್ಟಿಯ ಚಿತ್ರಕ್ಕೆ 'ಬಾಟಿ' ಎಂದಳು. ಮಗುವನ್ನು ಎತ್ತಿಕೊಂಡ ತಾಯಿಯ ಚಿತ್ರ ಬಂದಾಗ ಮುಖವರಳಿಸಿ 'ಯಾಡಿ' ಎಂದಳು. ಮೂರೂ ಉತ್ತರ ಸರಿ. ಹಿಂದಿನ ವರ್ಷಗಳಲ್ಲಿ ಇಂಥ ಉತ್ತರಗಳಿಗೆ ನಾನೇ ತಪ್ಪು ಗುರುತು ಹಾಕಿದ್ದೆ, ಆ ಗುರುತುಗಳೇ ಕೂಡಿ ಕಾಲಮಿನ ಅಂಕಿಯಾಗಿದ್ದವು. ನವೆಂಬರ್‌ನಲ್ಲಿ ಇನ್ನೊಂದು ಸಂಗತಿ ಕಂಡಿತು. ನಲಿ-ಕಲಿಯಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ. ಅವುಗಳಿಂದ ಸರ, ಅರಸ, ಅಗಸ, ಗರಗಸ ಎಂಬ ಪದಗಳಾಗುತ್ತವೆ. ಆ ಹುಡುಗಿ 'ಗ-ರ-ಗ-ಸ' ಎಂದು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ತಪ್ಪಿಲ್ಲದೆ ಓದಿ, ಓದಿದ್ದು ಏನೆಂದು ನನ್ನನ್ನೇ ಕೇಳುವಂತೆ ತಲೆಯೆತ್ತಿ ನೋಡಿದಳು. ಊರಿನ ಮಗು ಅದೇ ಪದವನ್ನು ಎರಡನೆಯ ಅಕ್ಷರಕ್ಕೇ ಊಹಿಸಿ ಮುಗಿಸುತ್ತಿತ್ತು, ಏಕೆಂದರೆ ಆ ಮಾತು ಅದಕ್ಕೆ ಮೊದಲೇ ಗೊತ್ತು. ಅಕ್ಷರ ಗುರುತಿಸುವುದರಲ್ಲಿ ಇಬ್ಬರೂ ಸಮಾನರಾಗಿದ್ದರು. ಹಾಗಾದರೆ ಸಂಜೆಯ ಅರ್ಧ ಗಂಟೆ ಅಕ್ಷರ ತಿದ್ದಿಸಿ ನಾನು ಯಾವ ಕೊರತೆಯನ್ನು ತುಂಬುತ್ತಿದ್ದೆ?

ಅಲ್ಲಿಂದ ಮುಂದೆ ತಾಂಡಾದ ಹೊಸ ಮಕ್ಕಳಿಗೆ ಎರಡು ತಿಂಗಳು ಬರೆಯುವ ಕೆಲಸವನ್ನು ಕಡಿಮೆ ಮಾಡಿ ಮಾತಿನ ಕೆಲಸವನ್ನು ಹೆಚ್ಚಿಸಿದೆ. ಮೂರನೆಯ ತರಗತಿಯ ತಾಂಡಾದ ಇಬ್ಬರು ಹುಡುಗಿಯರನ್ನು, ಸಹಪಾಠಿಗಳಿಂದ ಸಹಾಯ ಪಡೆಯುವ ತಟ್ಟೆಯಲ್ಲಿ, ಬೇಕೆಂದೇ ಈ ಮಕ್ಕಳ ಜೊತೆ ಕೂರಿಸಿದೆ. ಕತೆಯನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ಗೋರ್ ಬೋಲಿಯಲ್ಲಿ ಹೇಳುತ್ತಿದ್ದರು, ಚಿಕ್ಕವರು ಎರಡೂ ಕೂಡಿದ ಮಾತಿನಲ್ಲಿ ತಿರುಗಿ ಹೇಳುತ್ತಿದ್ದರು. ಚಿತ್ರಪಟಗಳ ಕೆಳಗೆ 'ನೀರು' ಎಂಬುದರ ಪಕ್ಕದಲ್ಲಿ 'ಪಾಣಿ' ಎಂದೂ ಬರೆದೆ. ಊರಿನ ಮಕ್ಕಳು ಅದನ್ನು ಎಲ್ಲರಿಗಿಂತ ಮೊದಲು ಕಲಿತರು.

ಆ ಮಾರ್ಚ್‌ನಲ್ಲಿ ತಾಂಡಾದ 9 ಮಕ್ಕಳಲ್ಲಿ 6 ಮಕ್ಕಳು ನಾಲ್ಕು ಸಾಲಿನ ಕತೆಯನ್ನು ಓದಿ ಎರಡೂ ಪ್ರಶ್ನೆಗೆ ಉತ್ತರ ಹೇಳಿದರು. ಹಿಂದಿನ ವರ್ಷ 8ರಲ್ಲಿ 2 ಮಕ್ಕಳು ಮಾತ್ರ ಆ ಮಟ್ಟ ತಲುಪಿದ್ದಾರೆಂದು ಬರೆದಿದ್ದೆ. ಇದನ್ನು ಶೇಕಡಾವಾರಿನಲ್ಲಿ ಹೇಳಿದರೆ ದೊಡ್ಡ ಏರಿಕೆಯಂತೆ ಕಾಣುತ್ತದೆ, ಆದರೆ ನಾನು ಹಾಗೆ ಹೇಳುವುದಿಲ್ಲ. ಇಷ್ಟು ಚಿಕ್ಕ ಗುಂಪಿನಲ್ಲಿ ಒಂದು ಮಗು ಜ್ವರ ಬಂದು ಮಲಗಿದರೂ ಶೇಕಡಾವಾರು ಹನ್ನೊಂದರಷ್ಟು ಕುಸಿಯುತ್ತದೆ. ಅಲ್ಲದೆ ನಾನು ಅಳೆಯುವ ರೀತಿಯೂ ಆ ವರ್ಷ ಬದಲಾಗಿತ್ತು. ಗಂಡು-ಹೆಣ್ಣಿನ ನಡುವೆ ನನ್ನ ಕೋಣೆಯಲ್ಲಿ ಹೇಳಿಕೊಳ್ಳುವಂಥ ಅಂತರ ಯಾವ ವರ್ಷವೂ ಕಾಣಲಿಲ್ಲ.

ವಯಸ್ಸಿನ ವಿಷಯ ನಾನು ಎಣಿಸಿರದ ಸಂಗತಿ. ನಮ್ಮ ಕಡೆಯ ದಾಖಲಾತಿ ಪುಸ್ತಕಗಳಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಜನರಿರುತ್ತಾರೆಂಬುದು ಶಿಕ್ಷಕರಿಗೆಲ್ಲ ಗೊತ್ತಿದೆ. ನನ್ನ ಕೋಣೆಯಲ್ಲಿಯೂ ಅಂಥವರಿದ್ದರು. ಮನೆ ಮನೆಗೆ ಹೋಗಿ ತಾಯಿ ಕಾರ್ಡ್ (ಬಸಿರು, ಹೆರಿಗೆಯ ವಿವರ ಬರೆಯುವ ಆರೋಗ್ಯ ಇಲಾಖೆಯ ಕಾರ್ಡ್) ಕೇಳಿ ನೋಡಿದೆ, ಕಾರ್ಡ್ ಇಲ್ಲದ ಕಡೆ ಸುಗ್ಗಿ, ಹಬ್ಬಗಳ ಲೆಕ್ಕದಲ್ಲಿ ವಿಚಾರಿಸಿದೆ. "ಹತ್ತಿ ಬಿಡಸೂ ಟೈಮಿನ್ಯಾಗ ಹುಟ್ಯಾಳ್ರಿ ಅಕ್ಕೋರ, ದೀಪಾವಳಿ ಆಗಿ ಎಂಟ್ ದಿನ ಆಗಿತ್ತು" ಎಂದು ಒಬ್ಬ ತಾಯಿ ಹೇಳಿದರು. ಕಾಗದದಲ್ಲಿ ಆರು ತುಂಬಿದ ಆ ಮಗುವಿಗೆ ಶಾಲೆಗೆ ಸೇರಿದ ದಿನ ಐದೂವರೆ ವರ್ಷ ಆಗಿತ್ತಷ್ಟೆ. ಅದರ ಪಕ್ಕದಲ್ಲಿ ಕೂತಿದ್ದ ಹುಡುಗನಿಗೆ ಆರೂವರೆ ದಾಟಿತ್ತು. ಆ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಬದುಕಿದ ಕಾಲದ ಆರನೆಯ ಒಂದು ಪಾಲು. 'ನಿಧಾನ ಕಲಿಕೆ' ಎಂದು ನಾನು ಬರೆದಿದ್ದ ನಾಲ್ಕು ಮಕ್ಕಳಲ್ಲಿ ಮೂವರು ಹೀಗೆ ಚಿಕ್ಕವರಾಗಿದ್ದರು, ಅವರಲ್ಲಿ ಒಬ್ಬಳು ಊರಿನ ದೊಡ್ಡ ಜಮೀನುದಾರರ ಮನೆಯ ಮಗಳು. ಇವರಿಗೆ ವಿಶೇಷವಾದದ್ದೇನನ್ನೂ ಮಾಡಲಿಲ್ಲ. ಪೆನ್ಸಿಲ್ ಹಿಡಿಯಲು ಅವಸರಿಸದೆ ಮೊದಲ ಮೆಟ್ಟಿಲುಗಳಲ್ಲಿ ಇನ್ನಷ್ಟು ದಿನ ಆಡಲು ಬಿಟ್ಟೆ. ಎರಡನೆಯ ತರಗತಿಯ ನಡುವಿಗೆ ಇಬ್ಬರು ಉಳಿದವರ ಸಮಕ್ಕೆ ಬಂದರು.

ಮಾದಿಗರ ಓಣಿಯ ಮಕ್ಕಳ ಪುಟಗಳಲ್ಲಿ ಕಾರಣ ಬೇರೆಯೇ ಇತ್ತು. ಮಾತು ಕನ್ನಡ, ವಯಸ್ಸು ಸರಿ, ಅಂಗನವಾಡಿಗೂ ಹೋಗಿ ಬಂದವರು. ಕೊರತೆ ಇದ್ದದ್ದು ಶಾಲೆಗೆ ಬಂದ ದಿನಗಳಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳನ್ನು ಗೊತ್ತುಮಾಡಿದೆ. ಹತ್ತಿ, ಮೆಣಸಿನಕಾಯಿ ಬಿಡಿಸುವ ತಿಂಗಳುಗಳಲ್ಲಿ ಕೂಸು ನೋಡಿಕೊಳ್ಳಲು ಮನೆಯಲ್ಲಿ ಉಳಿದ, ಇಲ್ಲವೇ ತಂದೆತಾಯಿಯ ಜೊತೆ ಬೆಂಗಳೂರಿಗೆ ಗುಳೆ ಹೋದ ಮಕ್ಕಳು ನೂರು, ನೂರಿಪ್ಪತ್ತು ದಿನ ಬಂದಿದ್ದರು. ಹೀಗೆ ಕಡಿಮೆ ದಿನ ಬಂದ ಇತರೆ ಕಾಲಮಿನ ಇಬ್ಬರು ಮಕ್ಕಳೂ ಅದೇ ಮೆಟ್ಟಿಲಿನಲ್ಲಿ ನಿಂತಿದ್ದರು. ಹಾಗೆಂದು ಜಾತಿಗೂ ಇದಕ್ಕೂ ಸಂಬಂಧವಿಲ್ಲವೆಂದು ನಾನು ಹೇಳಲಾರೆ. ಹೊಲವಿಲ್ಲದವರು ಯಾರು, ಗುಳೆ ಹೋಗಬೇಕಾದವರು ಯಾರು ಎಂಬುದು ನಮ್ಮ ಊರುಗಳಲ್ಲಿ ಬಹುಪಾಲು ಜಾತಿಯಿಂದಲೇ ತೀರ್ಮಾನವಾಗಿದೆ. ಜಿಲ್ಲೆಯ ಹೆಂಗಸರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಮಾತ್ರ ಅಕ್ಷರಸ್ಥರೆಂದು 2011ರ ಜನಗಣತಿ ತೋರಿಸಿತು. ಆ ಅಕ್ಷರ ಬಾರದ ತಾಯಂದಿರೇ ಈ ಮಕ್ಕಳ ಮನೆಗಳಲ್ಲಿದ್ದಾರೆ. ತಪ್ಪಿದ ಪಾಠವನ್ನು ಮನೆಯಲ್ಲಿ ಹೇಳಿಕೊಡಿ ಎಂದು ಅವರಿಗೆ ನಾನು ಹೇಗೆ ಹೇಳಲಿ?

ಗುಳೆ ಹೋದವರು ಯುಗಾದಿಗೆ ಊರಿಗೆ ಬರುತ್ತಾರೆ. ಏಪ್ರಿಲ್ ಎರಡನೆಯ ವಾರಕ್ಕೆ ಬೇಸಿಗೆ ರಜೆ ಬಂದುಬಿಡುತ್ತದೆ. ಮಗು ಕೈಗೆ ಸಿಗುವುದು ಹೆಚ್ಚೆಂದರೆ ಹತ್ತು-ಹದಿನೈದು ದಿನ. ಏಣಿಯಲ್ಲಿ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದೆಂಬುದು ನಲಿ-ಕಲಿಯ ನಿಯಮ, ಆದರೆ ಐದು ತಿಂಗಳು ಕಟ್ಟಡದ ಮರಳಿನಲ್ಲಿ ಆಡಿ ಬಂದ ಮಗು ಬಿಟ್ಟ ಮೆಟ್ಟಿಲಿನಲ್ಲಿ ಉಳಿದಿರುವುದಿಲ್ಲ, ಮೂರು ಮೆಟ್ಟಿಲು ಕೆಳಗಿಳಿದಿರುತ್ತದೆ. ಅದಕ್ಕಾಗಿ ಜೂನ್ ತಿಂಗಳ ಮೊದಲ ಇಪ್ಪತ್ತು ದಿನ ಶಿಕ್ಷಕರಿಂದ ಪೂರ್ಣ ಸಹಾಯ ಪಡೆಯುವ ತಟ್ಟೆಯನ್ನು ಇವರಿಗೇ ಕೊಟ್ಟು, ಹೊಸಬರನ್ನು ಆಟ ಮತ್ತು ಮಾತಿನಲ್ಲಿ ಇರಿಸಿಕೊಂಡೆ. ಎರಡು ಮನೆಗಳಲ್ಲಿ ಅಜ್ಜಿಯರ ಜೊತೆ ಮಾತಾಡಿದ ಮೇಲೆ ಮೂವರು ಮಕ್ಕಳು ಊರಿನಲ್ಲಿಯೇ ಉಳಿದರು. ಮಧ್ಯಾಹ್ನದ ಬಿಸಿಯೂಟ ಶಾಲೆಯಲ್ಲಿಯೇ ಸಿಗುವುದರಿಂದ ಅವರು ಒಪ್ಪಿಕೊಂಡರು. ಉಳಿದ ಐವರು ದೀಪಾವಳಿಯ ಮರುವಾರ ಟೆಂಪೋ ಹತ್ತಿದರು, ಅವರ ಪುಟಗಳಲ್ಲಿ ಆ ವರ್ಷದ ಮಾರ್ಚ್ ಖಾಲಿಯಾಗಿದೆ.